ಬಿಸಿನೀರ ಬಾಟಲಿಯ ಕೇಸು

ಐವತ್ತರ ದಶಕದ ನಡುವಿನ ಮಾತು. ನಾನಾಗ ಸೇಲಂನಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕೋರ್ಟಿನಲ್ಲಿ ಇಂಗ್ಲಿಷು ಎನ್ನುವ ಸಂಸಾರ ಅವರದು, ನಮ್ಮದೂ ಹಾಗೇ. ನನಗೆ ಕನ್ನಡದ ಅಕ್ಷರ ತಿದ್ದಿಸಿದ್ದು ಶಾಲೆಯಲ್ಲ, ನಮ್ಮಜ್ಜ. ಮಾತು ಕಲಿಸಿದ್ದು ಅಜ್ಜಿ. ಅಜ್ಜಿ ಕಾವೇರಿ ದಂಡೆಯ ಹಳ್ಳಿಯವಳು, ಹಾಗಾಗಿ ಕೊಳತ್ತೂರು ಕಡೆಯ ಒಕ್ಕಲು ಜನರ ಮಾತು ನನಗೆ ಪರಕೀಯವಾಗಿರಲಿಲ್ಲ. ಆ ಕಡೆಯಿಂದ ಯಾರು ಬಂದರೂ ವಕೀಲರು ಕಾಗದದಿಂದ ತಲೆ ಎತ್ತದೆ, "ಅವರನ್ನ ನೀನೇ ನೋಡ್ಕೊಳಯ್ಯ" ಎಂದುಬಿಡುತ್ತಿದ್ದರು. ನೋಡಿಕೊಂಡು ನೋಡಿಕೊಂಡೇ ನನ್ನ ಅರ್ಧ ಆಯುಸ್ಸು ಕಳೆಯಿತು. ಅದರಲ್ಲಿ ಈ ಒಂದು ಕೇಸಿನ ಆಯಾಸ ಮಾತ್ರ ಇನ್ನೂ ಮೈಯಲ್ಲಿದೆ.

ಒಂದು ಬೆಳಗ್ಗೆ ಮೂವರು ಮೆಟ್ಟಿಲು ಹತ್ತಿ ಬಂದರು. ಮುಂದೆ ಒಬ್ಬ ಗಂಡಸು, ಅವನ ಹೆಗಲು ಹಿಡಿದು ಕುಂಟುತ್ತ ಅವನ ಹೆಂಡತಿ, ಹಿಂದೆ ಚೀಲ ಹೊತ್ತ ಅವನ ತಾಯಿ. ಕೊಳತ್ತೂರಿನ ಪಕ್ಕದ ಹಳ್ಳಿಯಲ್ಲಿ ಕಡಲೆಕಾಯಿ, ರಾಗಿ ಬೆಳೆದುಕೊಂಡಿದ್ದವರು. ಸೊಸೆಗೆ ಇಪ್ಪತ್ತೈದು ದಾಟಿರಲಿಲ್ಲ. ಅತ್ತೆಗೆ ಅರವತ್ತರ ಹತ್ತಿರ, ಎಲೆ ಅಡಿಕೆ ಹಾಕಿ ಹಾಕಿ ತುಟಿ ಕಪ್ಪಿಟ್ಟಿತ್ತು. ಬಂದವಳೇ ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಬೆಂಚಿದೆ ಎಂದರೂ ಏಳಲಿಲ್ಲ.

ಆದದ್ದು ಇಷ್ಟು. ಸೊಸೆಗೆ ಹೊಟ್ಟೆನೋವು ಬಂದು ಸೇಲಂನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ಕ್ಲೋರೋಫಾರಂ ಕೊಟ್ಟು ಹೊಟ್ಟೆ ಕೊಯ್ದು, ಕೆಟ್ಟದ್ದನ್ನು ತೆಗೆದು, ಹೊಲಿದು, ವಾರ್ಡಿಗೆ ಕಳಿಸಿದರು. ಹೊಟ್ಟೆ ವಾಸಿಯಾಯಿತು. ಆದರೆ ಕ್ಲೋರೋಫಾರಂನ ಅಮಲು ಇಳಿಯುವ ಹೊತ್ತಿಗೆ ಬಲಗಾಲಿನ ಅಂಗಾಲು ಸುಟ್ಟು ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆದು ಕೀವಾಗಿ, ಕಡೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆಯಬೇಕಾಯಿತು. ಹಿಮ್ಮಡಿ ಸೊಟ್ಟಗೆ ಕೂಡಿಕೊಂಡಿತು. ಹೊಲದ ಬದುವಿನ ಮೇಲೆ ನಡೆಯುವ ಹೆಂಗಸಿಗೆ ಕಾಲು ಹೋದರೆ ಉಳಿಯುವುದೇನು? ಇನ್ನು ಮುಂದೆ ಕೂತು ಮಾಡುವ ಕೆಲಸವಷ್ಟೇ. ಅದಕ್ಕೊಂದು ಪರಿಹಾರ ಬೇಕೆಂದು ಬಂದಿದ್ದರು.

"ಒಟ್ಟೆ ಕುಯ್ಯೋವಾಗ ಕಾಲಿನ್ ನರ ಕುಯ್ದವ್ರೆ ಸಾಮಿ" ಎಂದ ಗಂಡ. "ಊರೆಲ್ಲಾ ಅದೇ ಏಳ್ತೈತೆ."

ವಕೀಲರು ಕನ್ನಡಕ ತೆಗೆದರು. "ನಿಮ್ಮೂರಲ್ಲಿ ಎಷ್ಟು ಜನ ಡಾಕ್ಟರಿದಾರೆ?"

"ಒಬ್ರೂ ಇಲ್ಲ."

"ಮತ್ತೆ ಹೇಗೆ ಹೇಳ್ತಾರೆ?"

"ಕಾಲ್ ನೋಡಿ ಏಳ್ತಾರೆ."

ಅತ್ತೆ ನೆಲದ ಮೇಲಿಂದಲೇ, "ನರಾನೇ ಸಾಮಿ. ನರ ಕುಯ್ದಿದ್ಕೇ ಕಾಲ್ಗೆ ರಗುತ ಇಳೀಲಿಲ್ಲ" ಎಂದಳು. ಸೊಸೆಗೆ ಆ ಹೊತ್ತಿನ ನೆನಪೇ ಇರಲಿಲ್ಲ. ನಿದ್ದೆ ಮಾಡಿದ್ದಳು, ಎದ್ದಾಗ ಕಾಲು ಹೀಗಿತ್ತು. ಅಷ್ಟೇ ಅವಳ ಸಾಕ್ಷ್ಯ.

ವಕೀಲರು ಆಸ್ಪತ್ರೆಗೆ ನೋಟೀಸು ಕಳಿಸಿದರು. ಉತ್ತರ ಬಂತು. ಶಸ್ತ್ರಕ್ರಿಯೆಯಲ್ಲಿ ಯಾವ ಲೋಪವೂ ಇಲ್ಲ, ರೋಗಿಯ ಕಾಲು ತಣ್ಣಗಿದ್ದುದರಿಂದ ನರ್ಸು ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆ ಸುತ್ತಿ ಕಾಲ ಬಳಿ ಇಟ್ಟಿದ್ದಳು, ಆಮೇಲೆ ಯಾರೋ ಆ ಬಟ್ಟೆ ಬಿಚ್ಚಿದ್ದಾರೆ, ಯಾರೆಂದು ತಮಗೆ ತಿಳಿಯದು ಎಂದು ಅದರಲ್ಲಿತ್ತು.

ಆ ಸಂಜೆ ವಕೀಲರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇವತ್ತಿಗೂ ನೆನಪಿದೆ. ನನಗೆ ಕಾನೂನು ಅರ್ಥವಾಗಿದ್ದು ಹೆಚ್ಚಾಗಿ ಅವರ ಊಟ ತಿಂಡಿಯ ಮಾತುಗಳಿಂದಲೇ.

"ನೋಡಯ್ಯ, ಹೋಟ್ಲು ಭಟ್ಟ ಸಾಂಬಾರಿಗೆ ಉಪ್ಪು ಎಷ್ಟು ಹಾಕಬೇಕು, ಬೇಳೆ ಎಷ್ಟು ಹೊತ್ತು ಬೇಯಿಸಬೇಕು ಅನ್ನೋದು ಅವನ ವಿದ್ಯೆ. ಅದರಲ್ಲಿ ತಪ್ಪು ಮಾಡ್ದ ಅಂತ ಹೇಳೋಕೆ ಇನ್ನೊಬ್ಬ ಭಟ್ಟನೇ ಬೇಕು. ಆದ್ರೆ ಅದೇ ಸಾಂಬಾರನ್ನ ತಂದು ನಿನ್ನ ತೊಡೆ ಮೇಲೆ ಸುರಿದ್ರೆ? ಅದಕ್ಕೂ ಭಟ್ಟನ ಸಾಕ್ಷಿ ಕೇಳ್ತೀಯಾ?"

"ಇಲ್ಲ."

"ಹೊಟ್ಟೆ ಕೊಯ್ಯೋದು ಉಪ್ಪು ಹಾಕೋ ಕೆಲಸ. ನರ ಕುಯ್ದ್ರು ಅಂತ ನಾವು ದಾವೆ ಹಾಕಿದ್ರೆ ಇನ್ನೊಬ್ಬ ಡಾಕ್ಟರು ಬಂದು ಸಾಕ್ಷಿ ಪೆಟ್ಟಿಗೆ ಹತ್ತಬೇಕು. ಬಿಸಿ ಬಾಟ್ಲಿ ತಗಲಿ ಕಾಲು ಸುಟ್ಟಿದ್ದು ತೊಡೆ ಮೇಲೆ ಸುರಿದ ಹಾಗೆ. ಬಿಸಿ ಸುಡುತ್ತೆ ಅನ್ನೋದು ಜಡ್ಜಿಗೂ ಗೊತ್ತು, ಅವರ ಮನೆ ಬೆಕ್ಕಿಗೂ ಗೊತ್ತು."

ಆದರೂ ಕಕ್ಷಿದಾರರ ಮನಸ್ಸಿಗೆ ಇರಲಿ ಎಂದು ವಕೀಲರು ಊರಿನ ಮೂವರು ಡಾಕ್ಟರುಗಳನ್ನು ನೋಡಿ ಬಂದರು. ಮೂವರೂ ಒಳ್ಳೆಯ ಕಾಫಿ ಕೊಟ್ಟರಂತೆ. ಹೊಟ್ಟೆ ಕೊಯ್ದರೆ ಪಾದದ ನರ ತುಂಡಾಗುವುದಿಲ್ಲ ಎಂದು ಮೊದಲನೆಯವರು ನಕ್ಕರು. ಎರಡನೆಯವರು ಮಳೆಯ ವಿಷಯ ಮಾತಾಡಿದರು. ಮೂರನೆಯವರು ಬಾಗಿಲವರೆಗೂ ಬಂದು, "ನನಗೂ ಇದೇ ಊರಲ್ಲಿ ಬಾಳ್ವೆ ಆಗಬೇಕು ಸಾರ್" ಎಂದರು.

"ಹೋಗು, ಅವರಿಗೆ ಹೇಳು. ನರದ ಮಾತು ಬಿಡಬೇಕು. ಹೊಟ್ಟೆ ಕೊಯ್ದ ದಿನ ವಾರ್ಡಿನಲ್ಲಿ ಏನಾಯ್ತೋ ಅದನ್ನ ಹೇಳಿದ್ರೆ ಸಾಕು" ಎಂದು ವಕೀಲರು ನನ್ನನ್ನು ಬಸ್ಸು ಹತ್ತಿಸಿದರು.

ಹೋದೆ. ಮೇಟ್ಟೂರಿನಲ್ಲಿ ಬಸ್ಸು ಬದಲಾಯಿಸಿ, ಕೊಳತ್ತೂರಿನಲ್ಲಿ ಇಳಿದು, ಅಲ್ಲಿಂದ ಬಿಸಿಲಲ್ಲಿ ನಡೆದು. ಒಂದು ಸಲಕ್ಕೆ ಮುಗಿಯಲಿಲ್ಲ. ಮೊದಲ ಸಲ ಗಂಡ ಒಪ್ಪಿದ, ಅತ್ತೆ ಒಪ್ಪಲಿಲ್ಲ. ಎರಡನೆಯ ಸಲ ಹೋಗುವ ಹೊತ್ತಿಗೆ ಅವಳು ಮಗನ ಮನಸ್ಸನ್ನೂ ತಿರುಗಿಸಿದ್ದಳು. "ಡಾಕುಟ್ರನ್ನ ಬುಟ್ಟು ಬಾಟ್ಲಿ ಮ್ಯಾಲೆ ಕೇಸಾಕ್ತಾರಾ ಯಾರಾನ?" ಎಂದು ಊರ ಜನ ನಕ್ಕರಂತೆ. ಬಾಟಲಿಯ ಮಾತು ಎತ್ತಿದರೆ ಸಾಕು, ಅವಳು ಎದ್ದು ಹಟ್ಟಿಯ ಕಡೆ ಹೋಗಿಬಿಡುವಳು. ನನಗೆ ರೇಗಿತು. ಮುದುಕಿಯ ಹಟ ಎಂದುಕೊಂಡೆ.

ಮೂರನೆಯ ಸಲ ಹೋದಾಗ ಮಗ ಹೊಲಕ್ಕೆ ಹೋಗಿದ್ದ, ಸೊಸೆ ಒಳಗೆ ಮಲಗಿದ್ದಳು. ಅತ್ತೆ ಚಪ್ಪರದ ಕೆಳಗೆ ಕಡಲೆಕಾಯಿ ಬಿಡಿಸುತ್ತಿದ್ದಳು. ನನಗೆ ಇನ್ನು ಮಾತಾಡುವ ಶಕ್ತಿಯೇ ಇರಲಿಲ್ಲ. ಅವಳ ಎದುರು ಕೂತು ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಅವಳ ಮುಂದಿನ ಮೊರ ಅರ್ಧ ತುಂಬಿತು.

"ಏನ್ ಸಾಮಿ, ಇವತ್ತು ಕೇಳಲ್ವಾ?" ಎಂದಳು.

"ಕೇಳಿ ಕೇಳಿ ಸಾಕಾಗಿದೆ ಅವ್ವ. ನೀವು ನರ ಅನ್ನಿ. ಬರಕೊಂಡು ಹೋಗ್ತೀನಿ. ಕೇಸು ಬಿದ್ದುಹೋಗುತ್ತೆ, ಅಷ್ಟೇ."

ಅವಳು ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಮೊರವನ್ನು ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಬಟ್ಟೆ ಬಿಚ್ಚಿದ್ದು ನಾನು."

ಅವರ ಕಡೆ ಬಾಣಂತಿಯರಿಗೆ ಕಾವು ಕೊಡುವ ಪದ್ಧತಿಯೊಂದಿತ್ತು. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಮೇಲೆ ಹಳೆಯ ಸೀರೆಯ ಒಂದೇ ಸುತ್ತು ಸುತ್ತಿ, ಅಂಗಾಲಿಗೆ ಒತ್ತಿ ಹಿಡಿಯುವುದು. ಕಾವು ಎಷ್ಟಿರಬೇಕೆಂದು ಯಾರೂ ಅಳೆಯುವುದಿಲ್ಲ. ಬಾಣಂತಿ ತಾನೇ "ಸಾಕು" ಎನ್ನುತ್ತಾಳೆ, ಹಿಡಿದವರು ಆಗ ತೆಗೆಯುತ್ತಾರೆ. ಈ ಮುದುಕಿ ಊರ ತುಂಬ ಬಾಣಂತಿಯರಿಗೆ ಹಾಗೆ ಹಿಡಿದವಳು. ತಾನೂ ಹಿಡಿಸಿಕೊಂಡವಳು.

"ನರ್ಸಮ್ಮ ಬಂದು ಬಾಟ್ಲಿ ಮಡಗಿ, 'ಪಾಟಿ, ಕಾಲು ಸಿಲ್ಲುನ್ನು ಇರುಕ್ಕು, ಪಾತ್ತುಕೋಂಗ' ಅಂತ ಏಳಿ ಓದ್ಲು. ಕಾಲ್ ತಣ್ಗೈತೆ, ನೋಡ್ಕೊ ಅಂತ. ನೋಡ್ಕಂಡೆ ಸಾಮಿ. ಮುಟ್ಟಿ ನೋಡಿದ್ರೆ ಕಾಲು ಮಂಜ್ನಂಗೈತೆ. ಬಾಟ್ಲೀಗೆ ಕಂಬ್ಳಿ ಸುತ್ತವ್ರೆ. ಕಂಬ್ಳಿ ಮ್ಯಾಲೆ ಕಾವು ಎಲ್ಲಿಂದ ಅತ್ತೀತು? ಬಿಚ್ಚಿ ಆಕಿ, ನನ್ ಸೆರಗಲ್ಲಿ ಸುತ್ತಿ ಅಂಗಾಲ್ಗೆ ಕೊಟ್ಟೆ. ಸಾಕು ಅಂದ್ರೆ ತೆಗ್ಯಾನ ಅಂತ ಕೂತಿದ್ದೆ." ಅವಳ ಕೈ ಮೊರದ ಮೇಲೆ ನಿಂತಿತು. "ಅನ್ನಲೇ ಇಲ್ಲ ಸಾಮಿ ಅವ್ಳು. ಅನ್ನಲೇ ಇಲ್ಲ."

ಕ್ಲೋರೋಫಾರಂ ಕೊಟ್ಟವರಿಗೆ ಸುಟ್ಟರೂ ತಿಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನಿದ್ದೆ ಎಂದುಕೊಂಡಿದ್ದಳು. ನಿದ್ದೆಯಲ್ಲಿದ್ದವರು ಸುಟ್ಟರೆ ಏಳುತ್ತಾರಲ್ಲ.

"ಇವ್ಳಿಗೆ ಏಳ್ಬೇಡಿ" ಎಂದಳು. "ಡಾಕುಟ್ರ ಮ್ಯಾಲಿರ್ಲಿ ತಪ್ಪು. ಅವ್ರಿಗೇನು, ದೊಡ್ಡೋರು, ತಡ್ಕೊಂತಾರೆ. ನಾನು ಇದೇ ಮನೇಲಿ ಉಣ್ಬೇಕು."

ಸೇಲಂಗೆ ಬಂದು ವಕೀಲರಿಗೆ ಹೇಳಿದೆ. ಹೇಳದೆ ಇರಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಗುಮಾಸ್ತನಾದವನು ವಕೀಲರಿಂದ ಅಂಥದ್ದನ್ನು ಮುಚ್ಚಿಡುವುದು ಹೇಗೆ? ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವಳೇ ಹೇಳಬೇಕು" ಎಂದರು.

"ಮನೆಯವರೇ ಸುಟ್ಟರು ಅಂತ ಆಸ್ಪತ್ರೆಯವರು ಕುಣಿದಾಡ್ತಾರಲ್ಲ ಸಾರ್."

"ಕುಣೀಲಿ. ಮತ್ತಿನಲ್ಲಿರೋ ರೋಗಿಗೆ ಸುಟ್ಟಿದ್ದು ತಿಳಿಯಲ್ಲ ಅಂತ ಗೊತ್ತಿದ್ದೋರು ಯಾರು? ನರ್ಸು. ಗೊತ್ತಿಲ್ಲದ ಮುದುಕಿ ಕೈಗೆ ಬಿಟ್ಟು ಹೋದೋರು ಯಾರು? ಅದೇ ನರ್ಸು. ಇದರಲ್ಲಿ ವೈದ್ಯದ ವಿದ್ಯೆ ಎಲ್ಲಿದೆಯಯ್ಯ? ನೋಡ್ಕೊಳ್ಳೋ ಕೆಲಸ ಮಾಡ್ಲಿಲ್ಲ, ಅಷ್ಟೆ. ಆದ್ರೆ ಅವಳು ಮುಚ್ಚಿಟ್ಟು, ಅವರು ಕೆದಕಿ ತೆಗೆದ್ರೆ, ನಮ್ಮ ಒಂದು ಮಾತನ್ನೂ ಕೋರ್ಟು ನಂಬಲ್ಲ."

ನಾಲ್ಕನೆಯ ಸಲ ಬಸ್ಸು ಹತ್ತಿದೆ. ಅವಳನ್ನು ಒಪ್ಪಿಸಿದ್ದು ನಾನೇ. ನಿಮ್ಮ ಸೊಸೆಯ ಕಾಲಿಗೆ ಏನಾದರೂ ದಕ್ಕಬೇಕಾದರೆ ನೀವು ಹೇಳಬೇಕು ಎಂದೆ. ಸೊಸೆಗೆ ಮೊದಲೇ ಮನೆಯಲ್ಲಿ ಹೇಳಿಬಿಡಿ ಎಂದೂ ಹೇಳಿದೆ. ಹೂಂ ಎಂದಳು. ಹೇಳಿರಲಿಲ್ಲ.

ವಾಯಿದೆಗಳ ಮೇಲೆ ವಾಯಿದೆ ಬಿದ್ದು, ಕಡೆಗೊಂದು ದಿನ ಅವಳು ಸಾಕ್ಷಿ ಪೆಟ್ಟಿಗೆ ಹತ್ತಿದಳು. ಬಸ್‌ಸ್ಟ್ಯಾಂಡಿನ ತಮಿಳಿನಲ್ಲಿ ಶುರು ಮಾಡಿ, ನಡುನಡುವೆ ಕನ್ನಡಕ್ಕೆ ಜಾರುತ್ತಿದ್ದಳು. ಜಡ್ಜಿಗೆ ಎರಡೂ ತಿಳಿಯುತ್ತಿತ್ತು. ಬಟ್ಟೆ ಬಿಚ್ಚಿದ್ದು ತಾನೆಂದು ಅವಳು ಹೇಳಿದಾಗ ಆಸ್ಪತ್ರೆಯ ವಕೀಲರು ಬರೆಯುತ್ತಿದ್ದ ಪೆನ್ಸಿಲು ಕೆಳಗಿಟ್ಟರು. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಅವರಿಗೇ ಅನುಮಾನ ಬಂದಿರಬೇಕು.

"ಹಾಗಾದರೆ ನಿಮ್ಮ ಸೊಸೆಯ ಕಾಲು ಸುಟ್ಟವರು ನೀವೇ" ಎಂದರು ಎದ್ದು ನಿಂತು.

"ಊಂ. ನಾನೇ."

ಅವರು ಕೂತುಬಿಟ್ಟರು. ಆಗ ಜಡ್ಜಿ ತಾವೇ ಕೇಳಿದರು. "ನಿಮ್ಮ ಊರಿನಲ್ಲಿ ಕಾವು ಎಷ್ಟು ಹೊತ್ತು ಕೊಡುತ್ತೀರಿ?"

"ಅವ್ರು ಸಾಕು ಅನ್ನೋಗಂಟ."

"ಇವಳು ಅಂದಳೇ?"

"ಇಲ್ಲ."

"ಇವಳಿಗೆ ಹೇಳಲು ಆಗುವುದಿಲ್ಲ ಎಂದು ಆಸ್ಪತ್ರೆಯವರು ಯಾರಾದರೂ ನಿಮಗೆ ತಿಳಿಸಿದರೇ?"

"ಯಾರೂ ಏಳ್ಲಿಲ್ಲ ದೊರೆ. ಏಳಿದ್ರೆ ಕಂಬ್ಳಿ ಮುಟ್ತಿರ್ಲಿಲ್ಲ."

ಜಡ್ಜಿ ಬಹಳ ಹೊತ್ತು ಬರೆದುಕೊಂಡರು. ನಾನು ಸೊಸೆಯ ಕಡೆ ನೋಡಿದೆ. ಗೋಡೆ ಪಕ್ಕದ ಬೆಂಚಿನ ಮೇಲಿದ್ದಳು. ಅತ್ತೆಯನ್ನು ನೋಡುತ್ತಿರಲಿಲ್ಲ. ತನ್ನ ಕಾಲನ್ನೇ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದಳು. ಆಮೇಲೆ ಊರುಗೋಲು ಹಿಡಿದು ಎದ್ದು ಹೊರಗೆ ಹೋದಳು.

ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ. ಗಂಡ ಇಬ್ಬರ ನಡುವೆ ಚೀಲ ಹಿಡಿದು ನಿಂತಿದ್ದ, ಯಾರ ಜೊತೆ ಮಾತಾಡಬೇಕೆಂದು ತಿಳಿಯದವನ ಹಾಗೆ. ಬಸ್ಸಿನಲ್ಲಿ ಸೊಸೆ ಮುಂದೆ ಕೂತಳು, ಅತ್ತೆ ತೀರ ಹಿಂದೆ. ನಾನು ಮೂರು ಸೋಡಾ ತಂದುಕೊಟ್ಟೆ. ಮುದುಕಿ ಕುಡಿಯಲಿಲ್ಲ.

ಎರಡು ವಾರದ ಮೇಲೆ ಮಗ ಏನೋ ಕಾಗದ ಕೊಡಲು ಆಫೀಸಿಗೆ ಬಂದಾಗ, ತಾಯಿ ಪಾಲಮಲೆಗೆ ಹೋಗಿದ್ದಾಳೆ ಎಂದ. ಕೊಳತ್ತೂರಿನ ಮೇಲಿನ ಬೆಟ್ಟದಲ್ಲಿ ಅವಳ ತಮ್ಮನ ಮನೆಯಿತ್ತು.

"ಜಗಳ ಆಯ್ತಾ?" ಎಂದು ಕೇಳಿದೆ.

"ಜಗಳ ಆಗಿದ್ರೆ ಪರವಾಯಿಲ್ಲೆ ಸಾಮಿ. ಒಬ್ರೂ ಬಾಯೇ ಬುಡ್ಲಿಲ್ಲ. ಇವ್ಳು ಬಡಿಸೋಳು, ಅವ್ಳು ಉಣ್ಣೋಳು. ಮೂರ್ ದಿನ ಅಂಗೆ ಉಂಡು, ನಾಕ್ನೇ ದಿನ ಗಂಟು ಕಟ್ಕಂಡು ಓದ್ಲು."

ಕೇಸು ಗೆಲ್ಲಲಿ ಎಂದು ಅವಳ ಬಾಯಿ ಬಿಡಿಸಿದವನು ನಾನು.

ತೀರ್ಪು ಬರಲು ಇನ್ನೂ ಆರು ತಿಂಗಳಾಯಿತು. ಡಾಕ್ಟರ ಮೇಲೆ ತಪ್ಪಿಲ್ಲ, ಅವರ ವಿದ್ಯೆಯಲ್ಲಿ ಲೋಪ ಕಾಣದು. ಆದರೆ ಆಸ್ಪತ್ರೆ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ, ಪರಿಹಾರ ಕೊಡಬೇಕು ಎಂದಿತ್ತು ತೀರ್ಪು. ವಕೀಲರು ಎರಡು ಸಲ ಓದಿ, ನನ್ನ ಕೈಗೆ ನಕಲು ಕೊಟ್ಟು, "ಸಾಂಬಾರು, ನೋಡಿದೆಯಾ" ಎಂದರು. ಅವರಿಗೆ ಸಂತೋಷ. ನನಗೆ ಬಸ್ಸಿನ ನೆನಪಾಗಿ ಕಾಲು ನೋಯಲು ಶುರುವಾಯಿತು.

ಹಳ್ಳಿಗೆ ಹೋದಾಗ ಸೊಸೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಮನೆ ಒಬ್ಬರ ಕೈಯಲ್ಲಿ ನಡೆಯುತ್ತಿರುವುದು ನೋಡಿದರೇ ತಿಳಿಯುತ್ತಿತ್ತು. ಒಗೆಯದ ಬಟ್ಟೆ, ಬಿಡಿಸದ ಕಡಲೆಕಾಯಿಯ ರಾಶಿ. ಗೆದ್ದಿದ್ದೀರಿ ಎಂದೆ. ಗಂಡ ಕೈ ಮುಗಿದ. ಅವಳು ಸೌದೆ ಒಳಗೆ ತಳ್ಳಿದಳು.

"ಅತ್ತೆ ವಿಸಯ ಏನ್ ಬರ್ದವ್ರೆ ಅಣ್ಣ?"

ನಾನು ಆ ಪುಟ ತೆಗೆದು, ಒಂದೊಂದು ವಾಕ್ಯವನ್ನೂ ಅವರ ಮಾತಿಗೆ ತಿರುಗಿಸಿ ಹೇಳಿದೆ. ಈ ಹೆಂಗಸು ತನಗೆ ತಿಳಿದ ಹಾಗೆ ಆರೈಕೆ ಮಾಡಿದ್ದಾಳೆ, ಮತ್ತಿನಲ್ಲಿದ್ದವರು ಬಾಯಿ ಬಿಡಲಾರರು ಎಂಬುದು ಅವಳಿಗೆ ತಿಳಿಯಲು ದಾರಿಯಿರಲಿಲ್ಲ, ತಿಳಿದಿದ್ದವರು ಹೇಳದೆ ಹೋದರು, ಆದ್ದರಿಂದ ತಪ್ಪು ಅವಳದಲ್ಲ. ಸೊಸೆ ಒಲೆಯ ಕೆಂಡ ಕೆದಕುತ್ತಿದ್ದಳು.

"ಇನ್ನೊಂದ್ ಕಿತ ಏಳಿ."

ಹೇಳಿದೆ.

"ಬೆಟ್ಟ ಅತ್ತಕ್ಕೆ ನನ್ಗೆ ಕಾಲಿಲ್ಲ" ಎಂದಳು ಆಮೇಲೆ, ಒಲೆಗೇ ಹೇಳುವವಳ ಹಾಗೆ. "ಇಳ್ಯಕ್ಕೆ ಅವ್ರಿಗೈತೆ."

ಗಂಡ ನನ್ನ ಮುಖ ನೋಡಿದ. ತಾನು ಮೂರು ಸಲ ಬೆಟ್ಟ ಹತ್ತಿ ಕರೆದರೂ ತಾಯಿ ಬರಲಿಲ್ಲವಂತೆ. "ನೀವಾದ್ರೆ ಕೋರ್ಟೋರು" ಎಂದ. ನಾನು ಕೋರ್ಟಿನವನಲ್ಲ, ಗುಮಾಸ್ತ, ಮಂಡಿ ನೋವಿನವನು. ಮರುದಿನ ಬೆಳಗ್ಗೆ ಅವರ ಮನೆಯ ರಾಗಿ ಅಂಬಲಿ ಕುಡಿದು ಪಾಲಮಲೆಯ ದಾರಿ ಹಿಡಿದೆ. ಕಲ್ಲಿನ ದಾರಿ, ಬರೀ ಏರು. ನಾಲ್ಕು ಕಡೆ ಕೂತೆ.

ಮುದುಕಿ ತಮ್ಮನ ಸಾಮೆ ಹೊಲದಲ್ಲಿ ಗಿಳಿ ಓಡಿಸುತ್ತಿದ್ದಳು. ನನ್ನನ್ನು ಕಂಡು ಕೈಯ ಕೋಲು ಇಳಿಸಿದಳು. ತೀರ್ಪು ಹೇಳಿದೆ. ತಪ್ಪು ನಿಮ್ಮದಲ್ಲ ಎಂದು ಬರೆದಿದ್ದಾರೆ ಎಂದೆ.

"ಬರೀತಾರೆ" ಎಂದಳು. "ಕಾಲು ನೋಡ್ಕಂಡು ದಿನಾ ಕೂತ್ಕಳೋರು ಅವ್ರಾ?" ಕೋಲನ್ನು ಬದುವಿಗೆ ಒರಗಿಸಿ ಕೇಳಿದಳು. "ಅವ್ಳಿಗೆ ಓದಿ ಏಳುದ್ರಾ?"

"ಎರಡು ಸಲ ಹೇಳಿಸಿಕೊಂಡಳು."

"ಏನಂದ್ಲು?"

ಅಂದದ್ದನ್ನೇ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಬಿಡಲಿಲ್ಲ.

"ಯಾವ ದನೀಲಿ ಅಂದ್ಲು? ಕ್ವಾಪದಾಗಾ?"

"ಇಲ್ಲವ್ವ. ಸುಸ್ತಾದವರ ದನಿಯಲ್ಲಿ."

ಅವಳು ಹೊಲದ ಕಡೆ ನೋಡಿದಳು. ಗಿಳಿಗಳು ಮತ್ತೆ ಬಂದು ಕೂತಿದ್ದವು. ಓಡಿಸಲಿಲ್ಲ. "ಕ್ವಾಪ ಆಗಿದ್ರೆ ಇನ್ನಷ್ಟ್ ದಿನ ಇಲ್ಲೇ ಇರ್ಬೋದಿತ್ತು" ಎಂದಳು. "ಸುಸ್ತಾಗವ್ಳೆ ಅಂದ್ರೆ ಮನೇಲಿ ಕೆಲ್ಸ ಬಿದ್ದೈತೆ."

ಗಂಟು ಕಟ್ಟಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಳಿಯುವಾಗ ಅವಳೇ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ನನ್ನ ಮಂಡಿಯನ್ನು ಬೈದಳು. "ಈ ವಯಸ್ಗೇ ಇಂಗಾದ್ರೆ ಎಂಗ್ ಸಾಮಿ, ಪಟ್ಣದ್ ಅನ್ನ ತಿಂದು." ಬೆಟ್ಟದ ಬುಡದಲ್ಲಿ ದಾರಿ ಕವಲಾಗುವ ಕಡೆ ನಾನು ಬಸ್ಸಿಗೆ ತಿರುಗಿದೆ. ಮನೆಯವರೆಗೂ ಬನ್ನಿ ಎಂದು ಅವಳು ಕರೆಯಲಿಲ್ಲ, ನಾನೂ ಹೋಗಬೇಕೆಂದುಕೊಳ್ಳಲಿಲ್ಲ. ಆ ಬಾಗಿಲಲ್ಲಿ ಮೂರನೆಯವರು ನಿಲ್ಲಬಾರದು ಅನ್ನಿಸಿತು.

ಆಸ್ಪತ್ರೆಯವರು ಅಪೀಲು ಹಾಕಿದರು. ಅದಕ್ಕೆ ಹೊಸ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿ ಹೋಗಲು ಮಗನೇ ಬಂದ. ಮತ್ತೆ ಮೊದಲಿನಿಂದ ಕಾಗದ, ಮತ್ತೆ ವಾಯಿದೆ, ಮತ್ತೆ ಬಸ್ಸು. ನನಗೆ ತಲೆ ಎತ್ತಿ ಅವನನ್ನು ನೋಡಲೂ ಬೇಸರ.

"ಮನೇಲಿ ಹೇಗಿದ್ದಾರಪ್ಪ ಇಬ್ಬರೂ?"

"ಎಲ್ಲಿ ಸಾಮಿ" ಎಂದು ಅವನು ಬೆಂಚಿನ ಮೇಲೆ ಕುಸಿದು ಕೂತ. "ಬೆಳಗ್ಗೆ ಎದ್ರೆ ಶುರು. ಉಪ್ಪು ಎಚ್ಚಾಯ್ತು ಅಂತ ಇವ್ಳು, ನೀನು ಮಾಡೇ ಅಂತ ಅವ್ಳು. ಇಬ್ರೂ ಬಾಯೇ ಮುಚ್ಚಲ್ಲ. ನನ್ ತಲೆ ಒಡ್ದೋಗ್ತೈತೆ."

ನಾನು ಮಸಿ ಡಬ್ಬಿ ತೆರೆದು ಅವನ ಮುಂದೆ ತಳ್ಳಿದೆ.